30 ಸೆಕೆಂಡ್ ಹೊಡೆದು ನಿಂತ ಫೋನ್: ಶಿರಸಿ ಅಂಗಡಿಗಳಿಗೆ ಬೇಕಿರೋದು ಮಷಿನ್ನೋ, ವಾಪಸ್ ಕರೆಯೋ?

ಶಿರಸಿ: ಮೇ ಕೊನೆ ವಾರ ಬಂತು ಅಂದ್ರೆ ಪೇಟೆಯ ಯಾವ ಗೊಬ್ಬರ-ಔಷಧಿ ಅಂಗಡಿಗೆ ಹೋದ್ರೂ ಇದೇ ದೃಶ್ಯ. ಕೌಂಟರ್ ಮುಂದೆ ಏಳೆಂಟು ಜನ. ಒಬ್ಬರಿಗೆ ಮೈಲುತುತ್ತ ತೂಗಬೇಕು, ಇನ್ನೊಬ್ಬರಿಗೆ ಸುಣ್ಣದ ಚೀಲ ಜೀಪಿಗೆ ಏರಿಸಬೇಕು, ಮತ್ತೊಬ್ಬರಿಗೆ ಹೋದ ವರ್ಷದ ಉದ್ರಿ ಲೆಕ್ಕ ನೋಡಬೇಕು. ಹಿಂದೆ ಗೋಡೆ ಹತ್ತಿರ ಚಾರ್ಜಿಗೆ ಹಾಕಿಟ್ಟ ಫೋನ್ ಹೊಡ್ಕೊಳ್ತಾ ಇರ್ತದೆ. ಎತ್ತೋರು ಯಾರೂ ಇಲ್ಲ. ಅತ್ತ ಕಡೆ ಇರೋರು ಹುಲೇಕಲ್ ಕಡೆಯವರೋ, ಬನವಾಸಿ ಕಡೆಯವರೋ. ಅವರಿಗೆ ಬೇಕಿರೋದು ಒಂದೇ ಉತ್ತರ: "ಮೈಲುತುತ್ತ ಬಂದದ್ಯಾ? ರೇಟ್ ಎಷ್ಟು?" ಅಷ್ಟು ಗೊತ್ತಾದ್ರೆ ಅವರು ಗಾಡಿ ಹತ್ತಿ ಬರ್ತಾರೆ. ಗೊತ್ತಾಗದಿದ್ರೆ ಇನ್ನೊಂದು ಅಂಗಡಿಗೆ ಫೋನ್ ಹಚ್ತಾರೆ.

ಈ ಎರಡನೇ ಫೋನ್ ಹಚ್ಚೋಕೆ ಗಿರಾಕಿ ಎಷ್ಟು ಹೊತ್ತು ಕಾಯ್ತಾನೆ ಅನ್ನೋದಕ್ಕೆ ದೇಶದಲ್ಲಿ ಒಂದು ಲೆಕ್ಕವೇ ಇದೆ. 30 ಸೆಕೆಂಡ್. ಮೊಬೈಲ್ ಎತ್ತದಿದ್ದರೆ 30 ಸೆಕೆಂಡ್, ಲ್ಯಾಂಡ್‌ಲೈನ್ ಆದ್ರೆ 60 ಸೆಕೆಂಡ್ ರಿಂಗ್ ಆಗಬೇಕು ಅಂತ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ, ಅಂದ್ರೆ ಟ್ರಾಯ್, 2019ರ ನವೆಂಬರ್‌ನಲ್ಲಿ ಆದೇಶ ಮಾಡಿತು. ಅದಾದ ಮೇಲೆ ಕರೆ ಕಟ್. ತಕ್ಕಡಿಯಲ್ಲಿರೋ ಚೀಲ ಇಳಿಸಿ, ಕೈ ಒರೆಸಿಕೊಂಡು, ಫೋನ್ ಹತ್ತಿರ ಹೋಗೋಕೆ 30 ಸೆಕೆಂಡ್ ಸಾಲೋದಿಲ್ಲ ಅನ್ನೋದು ಅಂಗಡಿ ನಡೆಸೋ ಯಾರಿಗಾದ್ರೂ ಗೊತ್ತು.

ಸಣ್ಣ ವ್ಯಾಪಾರಕ್ಕೆ 'ವಾಯ್ಸ್‌ಮೇಲ್ ಹಾಕಿಸಿ', 'ಕಾಲ್ ಆನ್ಸರಿಂಗ್ ಸಿಸ್ಟಂ ತಗೊಳ್ಳಿ', 'ಎಐ ನಿಮ್ಮ ಬದಲು ಮಾತಾಡ್ತದೆ' ಅಂತ ಮಾರೋರು ಈಗ ತಾಲೂಕು ಮಟ್ಟಕ್ಕೂ ಫೋನ್ ಹಚ್ತಿದ್ದಾರೆ. ಇದರಲ್ಲಿ ಯಾವುದು ನಮ್ಮ ಪೇಟೆಗೆ ಹೊಂದ್ತದೆ, ಯಾವುದಕ್ಕೆ ದುಡ್ಡು ಹಾಕೋದು ದಂಡ, ಎಲ್ಲಿ ಮೋಸದ ಬಾಗಿಲು ತೆರೆದುಕೊಳ್ತದೆ ಅನ್ನೋದನ್ನ ಬಿಡಿಸಿ ನೋಡಬೇಕಾದ ಹೊತ್ತು ಇದು.

ಮಿಸ್ ಕಾಲ್ ನಮ್ಮೂರ ವಾಯ್ಸ್‌ಮೇಲ್ ಆಗಿತ್ತು

ಅಮೆರಿಕದಲ್ಲಿ ಫೋನ್ ಎತ್ತದಿದ್ದರೆ 'ಬೀಪ್ ಆದ ಮೇಲೆ ಮಾತಾಡಿ' ಅನ್ನೋದು ಹಳೇ ಪದ್ಧತಿ. ನಮ್ಮಲ್ಲಿ ಅದು ಹಿಡಿಯಲೇ ಇಲ್ಲ. ಕಾರಣ ಕನ್ನಡಿಗರ ನಾಚಿಕೆ ಅಲ್ಲ, ದುಡ್ಡು. 2003ರಲ್ಲಿ ಒಳಬರೋ ಕರೆ ಪುಕ್ಕಟೆ ಆಯ್ತು, ಹೊರಹೋಗೋದಕ್ಕೆ ಮಾತ್ರ ಕಾಸು. ಆಗ ಮಿಸ್ ಕಾಲ್ ಕೊಡೋದು ಕಲೆಯಾಯ್ತು. ಒಂದು ರಿಂಗ್ ಅಂದ್ರೆ 'ಮನೆ ಬಿಟ್ಟೆ', ಎರಡು ರಿಂಗ್ ಅಂದ್ರೆ 'ನೀನೇ ಮಾಡು'. ವಾಯ್ಸ್‌ಮೇಲ್‌ಗೆ ಹೋದ್ರೆ ಕರೆ ಕನೆಕ್ಟ್ ಆದ ಲೆಕ್ಕ, ಮಾತಾಡದಿದ್ರೂ ಕಾಸು ಕಟ್. ಪುಕ್ಕಟೆ ಹೇಳಬಹುದಾದ ವಿಷಯಕ್ಕೆ ಮಷಿನ್ ಮುಂದೆ ದುಡ್ಡು ಕೊಟ್ಟು ಯಾರು ಮಾತಾಡ್ತಾರೆ?

ಈ ಮಿಸ್ ಕಾಲನ್ನೇ ವ್ಯಾಪಾರ ಮಾಡಿದ್ದು ಬೆಂಗಳೂರಿನ ಜಿಪ್‌ಡಯಲ್ ಅನ್ನೋ ಕಂಪನಿ. 2010ರಲ್ಲಿ ಶುರುವಾಯ್ತು. ದೊಡ್ಡ ಬ್ರ್ಯಾಂಡ್‌ಗಳು 'ಈ ನಂಬರಿಗೆ ಮಿಸ್ ಕಾಲ್ ಕೊಡಿ' ಅಂತ ಜಾಹೀರಾತು ಹಾಕ್ತಿದ್ದವು, ಗಿರಾಕಿಗೆ ವಾಪಸ್ ಮೆಸೇಜೋ ಕರೆಯೋ ಹೋಗ್ತಿತ್ತು. 2015ರ ಜನವರಿಯಲ್ಲಿ ಅದನ್ನ ಟ್ವಿಟರ್ ಕೊಂಡುಕೊಂಡಿತು. ಮಿಸ್ ಕಾಲ್‌ಗೂ ಬೆಲೆ ಇದೆ ಅಂತ ಅಮೆರಿಕದವರಿಗೆ ಅರ್ಥವಾಗಿತ್ತು, ನಮ್ಮ ಪೇಟೆಯಲ್ಲಿ ಇನ್ನೂ ಅದು ಫೋನಿನ ಕೆಂಪು ಬಾಣದ ಗುರುತು ಅಷ್ಟೇ.

30 ಸೆಕೆಂಡಿನ ಕಥೆಯೂ ಇದೇ ದುಡ್ಡಿನ ಕಥೆ. 2019ರಲ್ಲಿ ಒಂದು ಕಂಪನಿಯ ಸಿಮ್‌ನಿಂದ ಇನ್ನೊಂದು ಕಂಪನಿಗೆ ಕರೆ ಹೋದ್ರೆ ನಿಮಿಷಕ್ಕೆ 6 ಪೈಸೆ ಕೊಡಬೇಕಿತ್ತು. ಜಿಯೋ ರಿಂಗ್ ಸಮಯವನ್ನ 20 ಸೆಕೆಂಡಿಗೆ ಇಳಿಸಿತು. ರಿಂಗ್ ಚಿಕ್ಕದಾದ್ರೆ ಎತ್ತೋದ್ರೊಳಗೆ ಕಟ್ ಆಗ್ತದೆ, ಆ ಕಡೆಯವರು ವಾಪಸ್ ಮಾಡ್ತಾರೆ, 6 ಪೈಸೆ ಅವರ ಕಂಪನಿಯ ತಲೆ ಮೇಲೆ ಬೀಳ್ತದೆ ಅನ್ನೋದು ಉಳಿದವರ ಆರೋಪ. ಏರ್‌ಟೆಲ್ ಕೂಡ 25ಕ್ಕೆ ಇಳಿಸಿತು. ಕಡೆಗೆ ಟ್ರಾಯ್ ಮಧ್ಯೆ ಬಂದು 30ಕ್ಕೆ ನಿಲ್ಲಿಸಿತು. 2021ರ ಜನವರಿ 1ರಿಂದ ಆ 6 ಪೈಸೆಯೂ ಹೋಯ್ತು. ಜಗಳ ಮುಗೀತು, 30 ಸೆಕೆಂಡ್ ಮಾತ್ರ ಉಳೀತು.

ಮಧ್ಯದಲ್ಲಿ ಇನ್ನೊಂದು ಬದಲಾವಣೆ ಆಗಿಹೋಯ್ತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಮಾತಿಗೆ ಪ್ರತ್ಯೇಕ ಕಾಸಿಲ್ಲದ ಹಾಗಾಯ್ತು. ಗಿರಾಕಿ ಈಗ ಮಿಸ್ ಕಾಲ್ ಕೊಟ್ಟು ಕಾಯೋದಿಲ್ಲ. ಎತ್ತಲಿಲ್ಲ ಅಂದ್ರೆ ಮುಂದಿನ ನಂಬರು. ಗೂಗಲ್ ಮ್ಯಾಪ್‌ನಲ್ಲಿ 'ಪಂಪ್ ರಿಪೇರಿ' ಅಂತ ಹೊಡೆದ್ರೆ ಒಂದರ ಕೆಳಗೊಂದು ಹೆಸರು, ಪ್ರತಿಯೊಂದರ ಪಕ್ಕ ಫೋನಿನ ಚಿತ್ರ. ಹೆಬ್ಬೆರಳು ಅರ್ಧ ಇಂಚು ಕೆಳಗೆ ಜಾರಿದ್ರೆ ವ್ಯಾಪಾರ ಇನ್ನೊಬ್ಬರ ಮನೆಗೆ.

ಅಂಗಡಿಯವರ ಕಡೆಯಿಂದಲೂ ಒಂದು ತೊಂದರೆ ಇದೆ, ಅದನ್ನ ಯಾರೂ ಬಾಯಿಬಿಟ್ಟು ಹೇಳೋದಿಲ್ಲ. ಗೊತ್ತಿಲ್ಲದ ನಂಬರ್ ಎತ್ತೋಕೇ ಬೇಜಾರು. ಬೆಳಗ್ಗೆಯಿಂದ ಸಾಲ ಬೇಕಾ, ಕ್ರೆಡಿಟ್ ಕಾರ್ಡ್ ಬೇಕಾ ಅನ್ನೋ ಕರೆಗಳೇ ನಾಲ್ಕು. ಐದನೇದು ನಿಜವಾದ ಗಿರಾಕಿ ಆದ್ರೂ ಕೈ ಹೋಗೋದಿಲ್ಲ. ಇದಕ್ಕೆ ಸ್ವಲ್ಪ ಪರಿಹಾರ ನಂಬರಿನಲ್ಲೇ ಇದೆ: 140ರಿಂದ ಶುರುವಾಗೋದು ಜಾಹೀರಾತಿನ ಕರೆ. ಸರಕಾರ, ಬ್ಯಾಂಕು, ವಿಮೆಯವರ ಸೇವಾ ಕರೆಗೆ ಅಂತ 2024ರಲ್ಲಿ 160ರಿಂದ ಶುರುವಾಗೋ ಸರಣಿ ಕೊಟ್ಟಿದ್ದಾರೆ. ಹತ್ತು ಅಂಕಿಯ ಸಾಮಾನ್ಯ ನಂಬರಿನಿಂದ 'ಬ್ಯಾಂಕಿನವರು' ಅಂತ ಬಂದ್ರೆ ಇಡಬಹುದು. ಅದೇ ಸಾಮಾನ್ಯ ನಂಬರಿನಿಂದ 'ಮೋಟರ್ ಕೆಟ್ಟೋಯ್ತು' ಅಂತ ಬಂದ್ರೆ ಅದು ಗಿರಾಕಿ.

ಮೊದಲು ಸ್ವಂತ ಫೋನಿನ ಲೆಕ್ಕ

ಯಾವ ಸಿಸ್ಟಂ ಕೊಳ್ಳೋ ಮೊದಲೂ ಒಂದು ವಾರದ ಕಾಲ್ ಲಾಗ್ ನೋಡೋದು ಒಳ್ಳೇದು. ಎತ್ತದ ಕರೆ ಎಷ್ಟು, ಯಾವ ಹೊತ್ತಿನಲ್ಲಿ, ಅದರಲ್ಲಿ ವಾಪಸ್ ಮಾಡಿದ್ದು ಎಷ್ಟು. ಪುಕ್ಕಟೆ ಕೆಲಸ. ಮೋಟರ್ ರಿವೈಂಡಿಂಗ್ ಅಂಗಡಿ ಅಂದುಕೊಳ್ಳಿ. ದಿನಕ್ಕೆ ಎರಡು ಕರೆ ತಪ್ಪಿದ್ರೆ ತಿಂಗಳಿಗೆ ಐವತ್ತು. ಅದರಲ್ಲಿ ಹತ್ತಕ್ಕೆ ಒಂದು ನಿಜವಾದ ಕೆಲಸ ಅಂತಿಟ್ಟುಕೊಂಡ್ರೂ ಐದು ಮೋಟರ್ ಇನ್ನೊಂದು ಅಂಗಡಿಗೆ ಹೋದ ಹಾಗೆ. ಈ ಐದು ಮೋಟರಿನ ಕೂಲಿ ಎಷ್ಟು ಅನ್ನೋದು ಆ ಅಂಗಡಿಯವರಿಗೇ ಗೊತ್ತು. ಸಿಸ್ಟಂಗೆ ಎಷ್ಟು ಖರ್ಚು ಮಾಡಬಹುದು ಅನ್ನೋದಕ್ಕೆ ಅದೇ ಅಳತೆ.

ಲಾಗ್ ನೋಡಿದ್ರೆ ಇನ್ನೊಂದು ಗೊತ್ತಾಗ್ತದೆ: ಕರೆ ತಪ್ಪೋದು ಎಲ್ಲರಿಗೂ ಒಂದೇ ಕಾರಣಕ್ಕಲ್ಲ. ಅಂಗಡಿಯವರಿಗೆ ಕೌಂಟರ್ ರಶ್ಶು. ಅಡುಗೆ ಭಟ್ಟರಿಗೆ ಮದುವೆ ಸೀಸನ್‌ನಲ್ಲಿ ಕೈಯೆಲ್ಲ ಹಿಟ್ಟು. ಕೊನೆಗೌಡರು ಮರದ ಮೇಲೆ, ಫೋನ್ ಕೆಳಗೆ ಅಂಗಿ ಜೇಬಲ್ಲಿ. ಹಳ್ಳಿ ಕಡೆಯ ಹೋಂಸ್ಟೇಗಳದ್ದು ಬೇರೆಯೇ ಕಥೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರಿನ ಬ್ಯಾಟರಿಯೂ ಇಳಿದ್ರೆ, ಬೆಂಗಳೂರಿನಿಂದ ರೂಮ್ ಕೇಳಿ ಮಾಡಿದವರಿಗೆ 'ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ' ಅಂತ ಕೇಳಿಸ್ತದೆ. ಇವರಿಗೆ ಮಿಸ್ ಕಾಲ್ ಕೂಡ ಕಾಣೋದಿಲ್ಲ. ಹೋದ ಗಿರಾಕಿ ಹೋದ ಅಂತಾನೂ ಗೊತ್ತಾಗೋದಿಲ್ಲ.

ಕರೆ ದಾಟಿಸೋದು: ಹತ್ತಿರದ ಮದ್ದು, ಅದೇ ಅಪಾಯ

ಹೆಚ್ಚಿನವರಿಗೆ ಮೊದಲು ಬೇಕಿರೋದು ಕಾಲ್ ಫಾರ್ವರ್ಡಿಂಗ್. ಅದಕ್ಕೆ ಹೊಸ ಮಷಿನ್ ಬೇಡ, ಆಂಡ್ರಾಯ್ಡ್ ಫೋನಿನ ಕರೆ ಸೆಟ್ಟಿಂಗ್‌ನಲ್ಲೇ ಇದೆ. ನಾಲ್ಕು ಬಗೆ: ಯಾವಾಗಲೂ, ಬಿಜಿ ಇದ್ದಾಗ, ಎತ್ತದಿದ್ದಾಗ, ಸಿಗದಿದ್ದಾಗ. ಎರಡು ಸಿಮ್ ಇದ್ರೆ ಯಾವ ಸಿಮ್ಮಿಗೆ ಅಂತ ಬೇರೆ ಆರಿಸಬೇಕು. 'ಯಾವಾಗಲೂ' ಅನ್ನೋದನ್ನ ಒತ್ತಿದ್ರೆ ಅಂಗಡಿ ಫೋನ್ ಹೊಡೆಯೋದೇ ನಿಲ್ತದೆ. 'ಏನು ಮಾರಾಯ್ರೆ, ನಾಲ್ಕು ದಿನದಿಂದ ಒಂದು ಕಾಲೂ ಇಲ್ಲ' ಅಂತ ಕೂರೋದು ಆಮೇಲೆ. ಅಂಗಡಿಗೆ ಬೇಕಾದದ್ದು 'ಎತ್ತದಿದ್ದಾಗ' ಮತ್ತು 'ಬಿಜಿ ಇದ್ದಾಗ'. ಹೋಂಸ್ಟೇಗೆ, ಹಳ್ಳಿಯಲ್ಲಿ ಮನೆ ಇರೋ ಕುಶಲಕರ್ಮಿಗಳಿಗೆ 'ಸಿಗದಿದ್ದಾಗ'. ಅದೂ ಬೇರೆ ಕಂಪನಿಯ ಸಿಮ್ ಇರೋರಿಗೆ, ಆದಷ್ಟು ಪೇಟೆಯಲ್ಲಿರೋರಿಗೆ. ಒಂದೇ ಟವರಿನಡಿ ಇರೋ ಇಬ್ಬರು ಪರಸ್ಪರ ದಾಟಿಸಿಕೊಂಡ್ರೆ ಟವರ್ ಬಿದ್ದ ದಿನ ಇಬ್ಬರೂ ಇಲ್ಲ.

ದಾಟಿದ ಕರೆಯ ಎರಡನೇ ಭಾಗದ ಖರ್ಚು ದಾಟಿಸಿದವರದ್ದು. ತಮ್ಮ ಪ್ಲಾನಿನಲ್ಲಿ ಅದು ಸೇರಿದ್ಯಾ ಅಂತ ಕಂಪನಿಯನ್ನ ಒಮ್ಮೆ ಕೇಳಿಕೊಂಡ್ರೆ ಆಯ್ತು.

ಯಾರಿಗೆ ದಾಟಿಸೋದು ಅನ್ನೋದೇ ದೊಡ್ಡ ಪ್ರಶ್ನೆ. ಶಿರಸಿಯ ಹೆಚ್ಚಿನ ಅಂಗಡಿಗಳಲ್ಲಿ ಉತ್ತರ ಒಂದೇ ಆಗಿರ್ತದೆ: ಮನೆಯವರಿಗೆ. ಅಂದ್ರೆ ಹೆಂಡತಿಗೆ, ಇಲ್ಲ ಅಮ್ಮನಿಗೆ. ಅವರ ಕೈಯಲ್ಲಿ ರೇಟಿನ ಪಟ್ಟಿ ಇಲ್ಲ, ಸ್ಟಾಕ್ ಏನಿದೆ ಗೊತ್ತಿಲ್ಲ. ಬೈಯೋದು ಮಾತ್ರ ಅವರಿಗೇ. ರಾತ್ರಿ ಹತ್ತಕ್ಕೆ ಗುರುತಿಲ್ಲದವರ ಕರೆಯೂ ಅವರಿಗೇ. ಇದು ಕೆಲಸ, ಪುಕ್ಕಟೆ ಸಹಾಯ ಅಲ್ಲ. ಬೆಳಗ್ಗೆ ಅಂಗಡಿಗೆ ಹೋಗೋ ಮೊದಲು ಹತ್ತು ಮುಖ್ಯ ಮಾಲಿನ ರೇಟ್ ವಾಟ್ಸಾಪ್ ಮಾಡಿಟ್ಟು, ಸಂಜೆ ಏಳಕ್ಕೆ ಫಾರ್ವರ್ಡ್ ತೆಗೆದ್ರೆ ಅರ್ಧ ಜಗಳ ಕಡಿಮೆ.

ಈಗ ಅಪಾಯದ ಮಾತು. ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ, ಮುಂದಿನ ಆದೇಶದವರೆಗೆ, *401# ಬಗೆಯ ಕೋಡ್ ಒತ್ತಿ ಕರೆ ದಾಟಿಸೋ ಸೇವೆಯನ್ನ ನಿಲ್ಲಿಸೋಕೆ ಕಂಪನಿಗಳಿಗೆ ಹೇಳಿತು. ಕಾರಣ ಮೋಸ. ಹೇಗೆ ನಡೀತದೆ ಅಂದ್ರೆ, ಒಬ್ಬ ಫೋನ್ ಮಾಡಿ 'ನಿಮ್ಮ ಸಿಮ್‌ಗೆ ತೊಂದರೆ ಇದೆ' ಅಂತಾನೋ, 'ಕೊರಿಯರ್ ಬಂದಿದೆ, ಡೆಲಿವರಿ ಹುಡುಗನಿಗೆ ಕನೆಕ್ಟ್ ಆಗೋಕೆ ಈ ಕೋಡ್ ಒತ್ತಿ' ಅಂತಾನೋ ಹೇಳ್ತಾನೆ. ಒತ್ತಿದ್ರೆ ಆ ಕ್ಷಣದಿಂದ ನಿಮಗೆ ಬರೋ ಕರೆಯೆಲ್ಲ ಅವನ ಫೋನಿಗೆ. ಆಮೇಲೆ ಅವನು ನಿಮ್ಮ ನಂಬರಿನಲ್ಲಿ ವಾಟ್ಸಾಪ್ ತೆರೆಯೋಕೆ ನೋಡ್ತಾನೆ, 'ಓಟಿಪಿ ಕರೆ ಮೂಲಕ ಹೇಳಿ' ಅಂತ ಕೇಳ್ತಾನೆ. ಓಟಿಪಿ ಹೇಳೋ ಕರೆ ಅವನಿಗೇ ಹೋಗ್ತದೆ. ನಿಮ್ಮ ಫೋನ್ ನಿಮ್ಮ ಕೈಯಲ್ಲೇ ಇರ್ತದೆ, ಟವರ್ ಕಡ್ಡಿಯೂ ತುಂಬ ಇರ್ತವೆ, ಅನುಮಾನ ಬರೋಕೆ ಏನೂ ಇಲ್ಲ.

ಅಂಗಡಿಯವರು ಇದಕ್ಕೆ ಬೇಗ ಬೀಳ್ತಾರೆ. ಅವರಿಗೆ ದಿನಾ ಪಾರ್ಸಲ್ ಬರ್ತದೆ, ಗುರುತಿಲ್ಲದವರ ಜತೆ ಮಾತಾಡೋದೇ ಅವರ ಕಸುಬು, ನಂಬರ್ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿರ್ತದೆ. ಹಾಗಾಗಿ ಒಂದು ನಿಯಮ: ಫಾರ್ವರ್ಡಿಂಗ್ ಬೇಕಿದ್ರೆ ಫೋನಿನ ಸೆಟ್ಟಿಂಗ್‌ನಲ್ಲೇ ಮಾಡೋದು, ಇಲ್ಲ ಕಂಪನಿಯ ಆ್ಯಪ್ ಅಥವಾ ಕಸ್ಟಮರ್ ಕೇರ್ ಮೂಲಕ. ಫೋನಿನಲ್ಲಿ ಯಾರೋ ಹೇಳಿದ ಸ್ಟಾರ್-ಹ್ಯಾಷ್ ಕೋಡನ್ನ ಒತ್ತೋದೇ ಬೇಡ. ಒತ್ತಿಬಿಟ್ಟಿದ್ದೇವೆ ಅನ್ನೋ ಅನುಮಾನ ಇದ್ರೆ ##002# ಡಯಲ್ ಮಾಡಿದ್ರೆ ಎಲ್ಲ ಫಾರ್ವರ್ಡಿಂಗ್ ರದ್ದಾಗ್ತದೆ. ಜಿಯೋದಲ್ಲಿ *413. ದುಡ್ಡು ಹೋಗಿದ್ರೆ ಒಂದು ನಿಮಿಷವೂ ಕಾಯದೆ 1930ಕ್ಕೆ ಫೋನ್ ಮಾಡಬೇಕು. ಬರೀ ಪ್ರಯತ್ನ ನಡೆದಿದ್ರೆ ಸಂಚಾರ್ ಸಾಥಿಯ 'ಚಕ್ಷು'ವಿನಲ್ಲಿ ಆ ನಂಬರನ್ನ ದೂರು ಹಾಕಬಹುದು.

ಇನ್ನೂ ಗಟ್ಟಿ ರಕ್ಷಣೆ ಬೇಕಂದ್ರೆ ಬೋರ್ಡಿನ ನಂಬರೂ ಬ್ಯಾಂಕಿನ ನಂಬರೂ ಬೇರೆ ಬೇರೆ ಇರಬೇಕು. ಹದಿನೈದು ವರ್ಷದಿಂದ ಗಿರಾಕಿಗಳ ಬಾಯಲ್ಲಿರೋ ನಂಬರ್ ಬದಲಿಸೋಕೆ ಯಾರೂ ಒಪ್ಪೋದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಬದಲಿಸಬೇಕಾದದ್ದು ಬ್ಯಾಂಕಿನ ಕಡೆ. ಹೊಸ ಸಿಮ್ ತಗೊಂಡು, ಬ್ಯಾಂಕ್ ಖಾತೆ, ಯುಪಿಐ, ಜಿಎಸ್‌ಟಿ ಪೋರ್ಟಲ್ ಎಲ್ಲಕ್ಕೂ ಅದನ್ನೇ ಕೊಟ್ಟು, ಆ ನಂಬರನ್ನ ಬಿಲ್ಲಿನಲ್ಲೂ ವಿಸಿಟಿಂಗ್ ಕಾರ್ಡಿನಲ್ಲೂ ಹಾಕದೆ ಇಡೋದು. ಶಾಖೆಗೆ ಒಂದೆರಡು ಸಲ ಓಡಾಟ ಆಗ್ತದೆ, ನಿಜ. ಎರಡನೇ ಸಿಮ್ಮಿಗೆ ಡೇಟಾ ಸಮೇತ ರೀಚಾರ್ಜ್ ಯಾಕೆ ಅನ್ನೋರಿಗೆ ಈಗ ದಾರಿ ಇದೆ: ಬರೀ ಮಾತು-ಎಸ್ಸೆಮ್ಮೆಸ್ ಇರೋ ಪ್ಯಾಕ್ ಕೊಡಲೇಬೇಕು, 365 ದಿನದವರೆಗೂ ಅವಧಿ ಇಡಬಹುದು ಅಂತ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ತಂದಿದೆ. ಆ ಸಿಮ್ಮನ್ನ ರೀಚಾರ್ಜ್ ಮಾಡದೆ ಮರೆತು ಬಿಟ್ರೆ ಮಾತ್ರ ಕಷ್ಟ. ತಿಂಗಳುಗಟ್ಟಲೆ ಬಳಸದ ನಂಬರ್ ರದ್ದಾಗಿ ಇನ್ನೊಬ್ಬರ ಕೈಗೆ ಹೋಗ್ತದೆ, ಓಟಿಪಿಯೂ ಅವರ ಮನೆಗೇ.

ಮಷಿನ್ ಮುಂದೆ ಮಾತಾಡ್ತಾರಾ?

ಟ್ರೂಕಾಲರ್ 2025ರ ಡಿಸೆಂಬರ್‌ನಲ್ಲಿ ಭಾರತದ ಆಂಡ್ರಾಯ್ಡ್ ಫೋನ್‌ಗಳಿಗೆ ಪುಕ್ಕಟೆ ವಾಯ್ಸ್‌ಮೇಲ್ ಕೊಟ್ಟಿತು. ಬಿಟ್ಟ ಮಾತನ್ನ ಅಕ್ಷರಕ್ಕೆ ಇಳಿಸೋ ಭಾಷೆಗಳಲ್ಲಿ ಕನ್ನಡವೂ ಇದೆ. ಅಂದ್ರೆ ವಾಯ್ಸ್‌ಮೇಲ್‌ಗೆ ಖರ್ಚು ಅನ್ನೋ ಹಳೇ ಅಡ್ಡಿ ಈಗಿಲ್ಲ. ಉಳಿದಿರೋದು ಅಭ್ಯಾಸ. ಗಿರಾಕಿ ಮಾತು ಬಿಡ್ತಾನಾ ಅನ್ನೋದು ಮಷಿನ್ ಯಾವುದು ಅನ್ನೋದಕ್ಕಿಂತ ಅವನಿಗೆ ಏನು ಕೇಳಿಸ್ತದೆ ಅನ್ನೋದರ ಮೇಲಿದೆ. ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಅಪರಿಚಿತ ಹೆಂಗಸಿನ ದನಿ ಬಂದ್ರೆ ಸೋಂದಾ ಕಡೆಯ ಅಜ್ಜ ಇಟ್ಟುಬಿಡ್ತಾರೆ. ಅಂಗಡಿಯವರದ್ದೇ ಗುರುತಿನ ದನಿ, ನಮ್ಮ ಮಾತು ಇದ್ರೆ ಒಂದು ಕ್ಷಣ ನಿಲ್ತಾರೆ. ಅಂಗಡಿ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಅಂತ 2024ರಿಂದ ರಾಜ್ಯದಲ್ಲಿ ಕಾನೂನಿದೆ. ಬೋರ್ಡು ಕನ್ನಡಕ್ಕೆ ಬಂತು, ಅದೇ ಅಂಗಡಿಯ ಫೋನು ಇನ್ನೂ 'ಪ್ಲೀಸ್ ಲೀವ್ ಎ ಮೆಸೇಜ್' ಅಂತಿದ್ರೆ ಏನು ಚಂದ.

ಸ್ವಂತ ದನಿ ಹಾಕೋ ಅವಕಾಶ ಇರೋ ಸಿಸ್ಟಂ ಆದ್ರೆ ಹೇಳಬೇಕಾದದ್ದು ಇಷ್ಟೇ ಸಾಕು: "ನಮಸ್ಕಾರ, ಇದು ಪಂಪ್ ರಿಪೇರಿ ಅಂಗಡಿ. ಈಗ ಕೆಲಸದಲ್ಲಿದ್ದೇವೆ. ನಿಮ್ಮ ಹೆಸರು, ಊರು, ಮೋಟರ್ ಎಷ್ಟು ಎಚ್‌ಪಿ ಹೇಳಿ. ಮಧ್ಯಾಹ್ನ ಮೂರರೊಳಗೆ ನಾವೇ ಫೋನ್ ಮಾಡ್ತೇವೆ." ಹದಿನೈದು ಸೆಕೆಂಡ್ ದಾಟಬಾರದು. ಊರು ಕೇಳೋದು ಮುಖ್ಯ. ಒಂದೇ ಹೆಸರಿನ ಹತ್ತು ಜನ ತಾಲೂಕಿನಲ್ಲಿದ್ದಾರೆ. ಏನು ಹೇಳಬೇಕು ಅಂತ ಕೇಳಿದ್ರೆ ಜನ ಹೇಳ್ತಾರೆ. ಬರೀ 'ಮಾತಾಡಿ' ಅಂದ್ರೆ 'ಹಲೋ... ಹಲೋ...' ಅಂತ ಎರಡು ಸಲ ಅಂದು ಇಡ್ತಾರೆ.

ಅಕ್ಷರಕ್ಕೆ ಇಳಿಸಿದ್ದನ್ನ ಮಾತ್ರ ಪೂರ್ತಿ ನಂಬಬಾರದು. ಇಲ್ಲಿಯ ಹವ್ಯಕ ಮಾತು, ಘಟ್ಟದ ಕೆಳಗಿನ ಮಾತು, ಮಾಲಿನ ಹೆಸರು, ಊರಿನ ಹೆಸರು ಇವೆಲ್ಲ ಸೇರಿದಾಗ ತಪ್ಪು ಬರೋಕೆ ಜಾಗ ಬೇಕಷ್ಟು. ಆರ್ಡರ್ ಬರೆದುಕೊಳ್ಳೋ ಮೊದಲು ದನಿಯನ್ನೇ ಒಮ್ಮೆ ಕೇಳೋದು ಕ್ಷೇಮ.

ಮಾತಾಡೋಕೆ ನಾಚೋ ಗಿರಾಕಿಗೆ ವಾಟ್ಸಾಪ್ ಇದೆ. ವಾಟ್ಸಾಪ್ ಬಿಜಿನೆಸ್ ಆ್ಯಪ್ 2018ರಿಂದ ಪುಕ್ಕಟೆ ಸಿಗ್ತಿದೆ. ತುಂಬ ಅಂಗಡಿಗಳು ಹಾಕಿಕೊಂಡೂ ಇವೆ, ಫೋಟೋ ಬಿಟ್ರೆ ಬೇರೇನೂ ಮುಟ್ಟಿಲ್ಲ. ಅದರಲ್ಲಿ ಅಂಗಡಿ ಮುಚ್ಚಿದ ಹೊತ್ತಿನಲ್ಲಿ ತಾನೇ ಉತ್ತರ ಹೋಗೋ ಸೌಲಭ್ಯ ಇದೆ, ಹೊಸಬರಿಗೆ ಸ್ವಾಗತದ ಸಾಲು ಇದೆ, ಮಾಲಿನ ಪಟ್ಟಿ ಹಾಕೋ ಜಾಗ ಇದೆ. 'ನಾಳೆ ಬೆಳಗ್ಗೆ ಒಂಬತ್ತಕ್ಕೆ ಬಾಗಿಲು ತೆಗೀತೇವೆ, ಬೇಕಾದ್ದು ಬರೆದಿಡಿ, ಇಲ್ಲ ದನಿ ಕಳಿಸಿ' ಅಂತ ಹಾಕಿಟ್ರೆ ಸಾಕು. ನಮ್ಮ ಜನ ವಾಟ್ಸಾಪ್‌ನಲ್ಲಿ ಮೂರು ನಿಮಿಷದ ದನಿ ಸಂದೇಶ ಕಳಿಸೋಕೆ ಒಂಚೂರೂ ಹಿಂಜರಿಯೋದಿಲ್ಲ. ಬೀಪ್ ಆದ ಮೇಲೆ ಮಾತಾಡದವರು ಮೈಕಿನ ಗುಂಡಿ ಒತ್ತಿ ಮನೆ ಸಮಾಚಾರ ಎಲ್ಲ ಹೇಳ್ತಾರೆ. ವಾಯ್ಸ್‌ಮೇಲ್ ಹಿಡಿಯದ ಊರಿನಲ್ಲಿ ಅದರ ಕೆಲಸ ಆಗಲೇ ನಡೀತಿದೆ.

'ಕನ್ನಡಕ್ಕಾಗಿ ಒಂದನ್ನು ಒತ್ತಿ' ಯಾರಿಗೆ?

ಒಂದು ನಂಬರಿಗೆ ಫೋನ್ ಮಾಡಿದ್ರೆ ರೆಕಾರ್ಡ್ ಮಾಡಿದ ದನಿ ಬಂದು, ಒಂದು ಒತ್ತಿದ್ರೆ ಒಬ್ಬರಿಗೆ, ಎರಡು ಒತ್ತಿದ್ರೆ ಇನ್ನೊಬ್ಬರಿಗೆ ಕರೆ ಹೋಗೋ ವ್ಯವಸ್ಥೆಯನ್ನ ಬೆಂಗಳೂರಿನ ಎಕ್ಸೋಟೆಲ್, ಮತ್ತೆ ನೋಲಾರಿಟಿ, ಮೈಆಪರೇಟರ್ ತರದ ಕಂಪನಿಗಳು ಬಾಡಿಗೆಗೆ ಕೊಡ್ತವೆ. ಪ್ಲಾನಿನ ಬಾಡಿಗೆ, ಅದರ ಮಿತಿ ದಾಟಿದ ನಿಮಿಷಕ್ಕೆ ಕಾಸು, ಮೇಲೆ ಶೇ 18 ಜಿಎಸ್‌ಟಿ. ನಾಲ್ಕೈದು ಜನ ಕೆಲಸಕ್ಕಿರೋ ಆಸ್ಪತ್ರೆ, ಗ್ಯಾಸ್ ಏಜೆನ್ಸಿ, ಕೋಚಿಂಗ್ ಸೆಂಟರ್, ಸೊಸೈಟಿಗಳಿಗೆ ಇದು ಸರಿಹೋಗ್ತದೆ. ಕರೆ ಯಾರಿಗೆ ಹೋಯ್ತು, ಯಾರು ಎತ್ತಲಿಲ್ಲ ಅನ್ನೋದು ಮಾಲಕರಿಗೆ ಕಾಣ್ತದೆ. ಒಬ್ಬರೇ ಕೂತಿರೋ ಅಂಗಡಿಯಲ್ಲಿ 'ಮಾರಾಟಕ್ಕೆ ಒಂದು, ರಿಪೇರಿಗೆ ಎರಡು' ಅಂದ್ರೆ ಒಂದಕ್ಕೂ ಎರಡಕ್ಕೂ ಅದೇ ಮನುಷ್ಯ ಎತ್ತಬೇಕು. ತಮಾಷೆ ಆಗ್ತದೆ.

ತಗೊಳ್ಳೋರು ಸಹಿ ಹಾಕೋ ಮೊದಲು ಕೇಳಲೇಬೇಕಾದ ಪ್ರಶ್ನೆ, ನಂಬರ್ ಯಾರದ್ದು ಅನ್ನೋದು. ಮೊಬೈಲ್ ನಂಬರನ್ನ 2011ರಿಂದ ದೇಶದಲ್ಲಿ ಕಂಪನಿ ಬದಲಿಸಿದ್ರೂ ಇಟ್ಟುಕೊಳ್ಳಬಹುದು. ಬಾಡಿಗೆಗೆ ಕೊಟ್ಟ ನಂಬರಿಗೂ ಅದೇ ಹಕ್ಕು ಇದೆ ಅಂತ ಅಂದುಕೊಳ್ಳೋದು ತಪ್ಪು. ಬಾಡಿಗೆ ನಿಲ್ಲಿಸಿದ ದಿನ ನಂಬರ್ ಹೋದ್ರೆ, ಅದನ್ನ ಬೋರ್ಡಿನ ಮೇಲೆ, ಚೀಲದ ಮೇಲೆ, ಬಿಲ್ ಪುಸ್ತಕದ ಮೇಲೆ ಅಚ್ಚು ಹಾಕಿಸಿದ ಖರ್ಚೂ ಹೋಯ್ತು. ಹಳೇ ಮೊಬೈಲ್ ನಂಬರನ್ನೇ ಬೋರ್ಡಿನಲ್ಲಿ ಉಳಿಸಿ, ಅಲ್ಲಿಂದ ಎತ್ತದ ಕರೆಯನ್ನ ಮಾತ್ರ ಬಾಡಿಗೆ ನಂಬರಿಗೆ ದಾಟಿಸೋದು ಜಾಣತನ. ಬಾಡಿಗೆ ಬೇಡ ಅನಿಸಿದ ದಿನ ಫಾರ್ವರ್ಡ್ ತೆಗೆದ್ರೆ ಮುಗೀತು, ಗಿರಾಕಿಗೆ ಗೊತ್ತೂ ಆಗೋದಿಲ್ಲ.

'ಮಿಸ್ ಕಾಲ್ ಆದ ಕೂಡಲೇ ಗಿರಾಕಿಗೆ ಎಸ್ಸೆಮ್ಮೆಸ್ ಹೋಗ್ತದೆ' ಅನ್ನೋದು ಇನ್ನೊಂದು ಆಕರ್ಷಣೆ. ಕಂಪನಿ ಮೂಲಕ ಹೀಗೆ ಮೆಸೇಜ್ ಕಳಿಸಬೇಕಂದ್ರೆ ಟ್ರಾಯ್ ನಿಯಮದ ಪ್ರಕಾರ ಡಿಎಲ್‌ಟಿಯಲ್ಲಿ ವ್ಯವಹಾರವನ್ನೂ, ಕಳಿಸೋ ಹೆಸರನ್ನೂ, ಮೆಸೇಜಿನ ಮಾದರಿಯನ್ನೂ ನೋಂದಾಯಿಸಬೇಕು. ಮತ್ತೆ ಇಂಗ್ಲಿಷಿನಲ್ಲಿ ಒಂದು ಮೆಸೇಜಿಗೆ 160 ಅಕ್ಷರ ಹಿಡಿದ್ರೆ ಕನ್ನಡದಲ್ಲಿ 70 ಮಾತ್ರ. ಒತ್ತು, ದೀರ್ಘ, ಕೊಂಬು ಎಲ್ಲ ಬೇರೆ ಬೇರೆ ಲೆಕ್ಕಕ್ಕೆ ಬರೋದ್ರಿಂದ ಎರಡು ಸಾಲು ಬರೆಯೋದ್ರೊಳಗೆ ಮೂರು ಮೆಸೇಜಿನ ಕಾಸು. ಚಿಕ್ಕದಾಗಿ ಬರೆಯೋದು ಕಲೀಬೇಕು. ಇಲ್ಲ, ಸ್ವಂತ ಫೋನಿನಿಂದ ಕೈಯಲ್ಲೇ ಒಂದು ಸಾಲು ಕಳಿಸಿದ್ರೂ ಆಗ್ತದೆ, ಅದಕ್ಕೆ ಯಾವ ನೋಂದಣಿಯೂ ಬೇಡ.

ಎಐ ಮಾತಾಡ್ತದೆ ಅನ್ನೋದರ ಬಗ್ಗೆ ಈಗಲೇ ಹೆಚ್ಚು ಹೇಳೋದು ಬೇಡ. ರೂಮ್ ಖಾಲಿ ಇದ್ಯಾ, ಎಷ್ಟು ಗಂಟೆಗೆ ತೆಗೀತೀರಿ ಅನ್ನೋ ಪ್ರಶ್ನೆಗೆ ಅದು ಉತ್ತರ ಹೇಳಬಹುದು. 'ಕೊಳೆ ಬಂದಿದೆ, ಮಳೆ ಬಿಟ್ಟಿಲ್ಲ, ಈಗ ಹೊಡೀಲಾ ಬೇಡ್ವಾ' ಅಂತ ಕೇಳೋ ರೈತನಿಗೆ ಮಷಿನ್ ತಪ್ಪು ಹೇಳಿದ್ರೆ ನಷ್ಟ ತೋಟಕ್ಕೆ, ಕೆಟ್ಟ ಹೆಸರು ಅಂಗಡಿಗೆ. ಹಾಕಿಸಿಕೊಳ್ಳೋರು ಎರಡು ದಿನ ಪರೀಕ್ಷೆಗೆ ಕೇಳಿ, ಮನೆಯ ಹಿರಿಯರ ಕೈಲಿ ಫೋನ್ ಮಾಡಿಸಿ ನೋಡಲಿ.

ಇಷ್ಟೆಲ್ಲ ಹಾಕಿದ ಮೇಲೂ ಉಳಿಯೋ ಕೆಲಸ ಒಂದಿದೆ, ಅದನ್ನ ಯಾವ ಕಂಪನಿಯೂ ಬಾಡಿಗೆಗೆ ಕೊಡೋದಿಲ್ಲ. ಮೂರರೊಳಗೆ ಫೋನ್ ಮಾಡ್ತೇವೆ ಅಂತ ದನಿ ಹೇಳಿದ್ರೆ ಮೂರರೊಳಗೆ ಮಾಡಬೇಕು. ಮಾಡದಿದ್ರೆ ಮಷಿನ್ ಇಲ್ಲದ್ದೇ ವಾಸಿ. ಎತ್ತದ ಫೋನಿಗೆ ಗಿರಾಕಿ 'ಬಿಜಿ ಇರಬೇಕು' ಅಂತಾನೆ, ಮಾತು ಕೊಟ್ಟು ಮಾಡದ ಫೋನಿಗೆ ಹಾಗನ್ನೋದಿಲ್ಲ. ಪೇಟೆ ತಣ್ಣಗಿರೋ ಹೊತ್ತು ಒಂದು ಇದ್ದೇ ಇರ್ತದೆ. ಊಟಕ್ಕೆ ಮೊದಲಿನ ಕಾಲು ಗಂಟೆ, ಬಾಗಿಲು ಹಾಕೋ ಮೊದಲಿನ ಕಾಲು ಗಂಟೆ. ಉದ್ರಿ ಪುಸ್ತಕದ ಪಕ್ಕ ಇನ್ನೊಂದು ನೂರು ಪುಟದ ಪುಸ್ತಕ, ಅದರಲ್ಲಿ ನಂಬರ್, ಊರು, ಏನು ಬೇಕಿತ್ತು, ವಾಪಸ್ ಮಾಡಿದ್ದಕ್ಕೆ ಒಂದು ಟಿಕ್. ಅಂಗಡಿ ಹುಡುಗನೂ ಮಾಡಬಹುದಾದ ಕೆಲಸ. ವಾಪಸ್ ಮಾಡಿದಾಗ 'ಆಗ ಫೋನ್ ಎತ್ತೋಕೆ ಆಗಲಿಲ್ಲ' ಅನ್ನೋ ಒಂದು ಮಾತಿನಿಂದ ಶುರು ಮಾಡಿದ್ರೆ ಮುಂದಿನ ಮಾತು ಸುಲಭ.

ಮಳೆ ಹಿಡಿಯೋ ಮೊದಲು ಒಂದು ಪರೀಕ್ಷೆ ಮಾಡಿಡಬಹುದು. ಅಂಗಡಿ ಫೋನನ್ನ ಸ್ವಿಚ್ ಆಫ್ ಮಾಡಿ, ಪಕ್ಕದ ಅಂಗಡಿಯವರ ಫೋನಿನಿಂದ ಆ ನಂಬರಿಗೆ ಹಚ್ಚಿ ನೋಡೋದು. ಆಮೇಲೆ ಆನ್ ಮಾಡಿ, ಎತ್ತದೆ ಬಿಟ್ಟು ಇನ್ನೊಮ್ಮೆ. ಕರೆ ಮನೆಗೆ ಹೋಯ್ತಾ, ಮಷಿನ್ನಿಗೆ ಹೋಯ್ತಾ, ಎಲ್ಲಿಗೂ ಹೋಗದೆ ಕಟ್ ಆಯ್ತಾ, ಇಲ್ಲ ಗುರುತೇ ಇಲ್ಲದ ಯಾರೋ ಎತ್ತಿ 'ಹಲೋ' ಅಂದ್ರಾ. ಕೊನೇದು ಆದ್ರೆ ಅಲ್ಲೇ ನಿಂತು ##002# ಒತ್ತಿ, ಆಮೇಲೆ ನೇರ ಬ್ಯಾಂಕಿಗೆ.